‘ಪಾಪ’ ಅನ್ನೋ ಮಾತಿನಾಚೆ ಚರ್ಚೆ ಹೋಗ್ತಿಲ್ಲ, ಏನು ಮಾಡೋದು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಯಾಕೆಂದರೆ ನಮ್ಮ ಕಥೆಯೂ ಅದೇ. ವಿಶ್ವವಿದ್ಯಾಲಯದಲ್ಲಿ ಓದುಗರ ಬಳಗ ಕಟ್ಟಿದ್ದೀರಿ, ದಲಿತರ, ಬಡವರ ಬದುಕಿನ ಕಥೆ ಕಾದಂಬರಿ ಓದುತ್ತಿದ್ದೀರಿ. ಆದರೆ ಪ್ರತಿ ಸಲವೂ ‘ಪಾಪ, ಎಷ್ಟು ಕಷ್ಟ ಅಲ್ವಾ’ ಎನ್ನುವಲ್ಲಿಗೆ ಮಾತು ನಿಂತುಹೋಗುತ್ತದೆ. ಇಷ್ಟೇ ತಾನೆ?

ನಾನು ಮೈಸೂರು ಸೀಮೆಯಲ್ಲಿ ಅತಿಥಿ ಉಪನ್ಯಾಸಕ. ನಾಲ್ಕು ವರ್ಷದಿಂದ ಇಂಥದ್ದೊಂದು ಗುಂಪು ನಡೆಸುತ್ತಿದ್ದೇನೆ. ಹತ್ತು ಹನ್ನೆರಡು ಜನ, ಮಳೆ ಬಂದರೆ ಐದು.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಮೊದಲ ವರ್ಷ ದೇವನೂರ ಮಹಾದೇವರ ‘ಒಡಲಾಳ’ ಇಟ್ಟುಕೊಂಡಿದ್ದೆವು. ದಲಿತ ಕೇರಿಯ ಮುದುಕಿ ಸಾಕವ್ವ ಕಳೆದುಹೋದ ತನ್ನ ಹುಂಜ ಹುಡುಕುವಲ್ಲಿಂದ ಕಥೆ ಶುರುವಾಗುತ್ತದೆ. ಮಾತು ಮುಂದಕ್ಕೆ ಹೋಗುತ್ತಿರಲಿಲ್ಲ. ನಾನು ಮೂಲೆಯಲ್ಲಿ ಕೂತಿದ್ದ ಒಬ್ಬ ಹುಡುಗನ ಕಡೆ ತಿರುಗಿ, ‘ನಿಮ್ಮೂರಲ್ಲೂ ಹೀಗೇನಾ? ನೀನೇ ಹೇಳಪ್ಪ’ ಅಂದುಬಿಟ್ಟೆ. ಅವನ ಕೇರಿ ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು. ಅವನು ‘ಹೂಂ ಸಾರ್’ ಅಂದ. ಮುಂದಿನ ವಾರದಿಂದ ಬರಲಿಲ್ಲ. ತಿಂಗಳಾದ ಮೇಲೆ ಕ್ಯಾಂಟೀನಲ್ಲಿ ಸಿಕ್ಕಿದಾಗ ಕೇಳಿದೆ. ‘ನಂಗೆ ಅವತ್ತು ಆ ಕೋಳಿ ಬಗ್ಗೆ ಮಾತಾಡ್ಬೇಕಿತ್ತು ಸಾರ್. ನೀವು ನಮ್ಮೂರ ಬಗ್ಗೆ ಕೇಳಿದ್ರಿ’ ಅಂದ. ಟೀ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ನಾವು ಮಾಡಿಕೊಂಡ ನಿಯಮ ಒಂದೇ. ಯಾರನ್ನೂ ಅವರ ಜಾತಿಯ ಪರವಾಗಿ ಮಾತಾಡಿ ಎಂದು ಕೇಳಬಾರದು. ಅವರಾಗೇ ಹೇಳಿದರೆ ಕೇಳಿಸಿಕೊಳ್ಳಬೇಕು, ಅಷ್ಟೇ.

ಇನ್ನೊಂದು ಬದಲಾವಣೆ ತಾನಾಗೇ ಆಯಿತು. ಯಾರೂ ಮನೆಯಲ್ಲಿ ಓದಿಕೊಂಡು ಬರುತ್ತಿರಲಿಲ್ಲ. ಬೇಜಾರಾಗಿ ಇಲ್ಲೇ ಜೋರಾಗಿ ಓದಿಬಿಡೋಣ ಅಂದೆ. ಒಂದು ಸಲಕ್ಕೆ ಎಂಟು ಹತ್ತು ಪುಟ. ಅದೇ ‘ಒಡಲಾಳ’ವನ್ನು ಎರಡನೇ ವರ್ಷ ಹೀಗೆ ಓದಿದೆವು. ನಂಜನಗೂಡು ಕಡೆಯ ಹುಡುಗಿಯೊಬ್ಬಳು ಓದಿದಳು. ಕಥೆಯಲ್ಲಿರೋ ಆ ಸೀಮೆಯ ಆಡುಮಾತು ಅವಳ ಬಾಯಲ್ಲಿ ಬಂದಾಗ ಬೇರೆಯೇ. ನಾವೆಲ್ಲ ಕಣ್ಣಲ್ಲಿ ಓದುವಾಗ ದುಃಖದ ಕಥೆ ಅಂದುಕೊಂಡಿದ್ದ ಕಡೆ ಜನ ನಗತೊಡಗಿದರು!

ಸಾಹುಕಾರನ ಕಡೆಯಿಂದ ಕದ್ದು ತಂದ ಕಡ್ಲೆಕಾಯಿ ಮೂಟೆಯನ್ನು ಸಾಕವ್ವನ ಮನೆಯವರೆಲ್ಲ ಬೆಂಕಿ ಸುತ್ತ ಕೂತು ರಾತ್ರಿಯಿಡೀ ತಿನ್ನುವ ಭಾಗ ಬರುತ್ತದಲ್ಲ, ಅವತ್ತು ನಾವೂ ಒಂದು ಕೆಜಿ ಹುರಿದ ಕಡ್ಲೆಕಾಯಿ ತಂದಿದ್ದೆವು. ಓದು ಮುಗಿಯುವಷ್ಟರಲ್ಲಿ ನೋಡಿದರೆ ಮೇಜಿನ ಮೇಲೆ ಸಿಪ್ಪೆ ಗುಡ್ಡೆ. ಒಬ್ಬ, ‘ಈಗ ಪೊಲೀಸ್ ಬಂದ್ರೆ ಇದನ್ನೆಲ್ಲ ಎಲ್ಲಿ ಬಚ್ಚಿಡೋದು?’ ಅಂದ. ಅವತ್ತಿನ ಚರ್ಚೆ ಅಲ್ಲಿಂದ ಹೊತ್ತಿಕೊಂಡಿತು ನೋಡಿ. ಇದು ಕಳ್ಳತನವಾ, ಊಟವಾ, ಹಬ್ಬವಾ? ಹೊಟ್ಟೆಗಿಲ್ಲದ ಮನೆಯಲ್ಲಿ ಇಷ್ಟು ಖುಷಿ ಹೇಗೆ? ಅದೇ ಮನೆಯ ಗೋಡೆಯ ಮೇಲೆ ನವಿಲು ಬರೆಯುವ ಹುಡುಗಿ ಯಾಕಿದ್ದಾಳೆ? ಎರಡು ಗಂಟೆ ಮಾತಾಡಿದೆವು. ‘ಪಾಪ’ ಅಂತ ಯಾರಾದರೂ ಅಂದರಾ, ನನಗಂತೂ ನೆನಪಿಲ್ಲ.

ಅದರ ಮುಂದಿನ ತಿಂಗಳು, ದಲಿತರಲ್ಲದ ಶಿವರಾಮ ಕಾರಂತರು ದಲಿತ ಚೋಮನ ಬಗ್ಗೆ ಬರೆದ ‘ಚೋಮನ ದುಡಿ’ ತೆಗೆದುಕೊಂಡೆವು. 1933ರ ಪುಸ್ತಕ. ಈ ಎರಡನ್ನೂ ಒಟ್ಟಿಗೆ ಇಡೋದು ಒಳ್ಳೆಯದು, ಆದರೆ ‘ದಲಿತರಲ್ಲದವರು ಬರೀಬಹುದಾ’ ಅನ್ನೋ ಪ್ರಶ್ನೆಯಿಂದ ಶುರು ಮಾಡಬೇಡಿ. ಎರಡು ಗುಂಪಾಗಿ ಕಿತ್ತಾಡಿ ಎದ್ದು ಹೋಗ್ತಾರೆ. ನಾವು ಸಣ್ಣ ಪ್ರಶ್ನೆ ಇಟ್ಟುಕೊಂಡೆವು: ಕಥೆ ಹೇಳುವವನು ಎಲ್ಲಿ ನಿಂತಿದ್ದಾನೆ, ಗುಡಿಸಲ ಒಳಗಾ, ಹೊರಗಾ? ಮಂಗಳೂರಿನ ಹುಡುಗಿ, ‘ಚೋಮ ಆ ಸೀಮೆಯವನು ಅಂದ್ರೆ ತುಳು ಆಡೋನಲ್ವಾ, ಪುಸ್ತಕದಲ್ಲಿ ಮಾತ್ರ ಕನ್ನಡ’ ಅಂದಳು. ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಆದರೂ ಒಂದು ಮಾತು. ಸ್ವಂತ ಹೊಲ ಉಳಬೇಕು ಅನ್ನೋ ಚೋಮನ ಹಟ ಇವತ್ತಿಗೂ ಓದುಗರನ್ನು ಹಿಡಿಯುತ್ತದೆ. ಹೊರಗೆ ನಿಂತು ಬರೆದದ್ದು ಅಂತ ತಳ್ಳಿಹಾಕಿದವರ ಮಾತನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪಲ್ಲ.

ದೇವನೂರರದೇ ‘ಕುಸುಮಬಾಲೆ’ ಕಾದಂಬರಿ ಮಾತ್ರ ಮೊದಲಿಗೇ ಬೇಡ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಅಂತ ನಾವು ಹುರುಪಿನಲ್ಲಿ ಹಿಡಿದು ಎರಡನೇ ಪುಟಕ್ಕೇ ಸೋತೆವು. ವಿದ್ವಾಂಸ ಎಲ್. ಬಸವರಾಜು ಅವರು ಅದನ್ನು ಸಾಲು ಒಡೆದು, ಹಾಡಿನ ಹಾಗೆ ಜೋಡಿಸಿಕೊಟ್ಟಿದ್ದಾರೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಓದಿದ ಮೇಲೆ ದಾರಿ ಕಂಡಿತು.

ನಿಮ್ಮಲ್ಲಿ ಬರೀ ದಲಿತರ ಕಥೆ ಅಂತಲೇ ಇರಬೇಕಿಲ್ಲ. 2025ರಲ್ಲಿ, ಮುಸ್ಲಿಂ ಹೆಣ್ಣುಮಕ್ಕಳ ಬದುಕಿನ ಕಥೆ ಬರೆಯುವ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ನಮ್ಮಲ್ಲಿ ಅರ್ಧ ಜನ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದರು! ಕನ್ನಡದಲ್ಲಿ ಬರೆದ ಕಥೆಗಳು ಮಾರಾಯ್ರೆ, ಕನ್ನಡದ್ದೇ ತನ್ನಿ ಅಂತ ವಾಪಸ್ ಕಳಿಸಿದೆ.

ಮೊದಲ ವರ್ಷ ಮೂಲೆಯಲ್ಲಿ ಕೂತಿದ್ದ ಆ ಹುಡುಗ ಗುಂಪಿಗೆ ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ, ಯಾವ ಮುಖ ಇಟ್ಟುಕೊಂಡು ಕರೆಯೋದು.

ಹಾಂ, ಕಡ್ಲೆಕಾಯಿ ತರೋದಾದ್ರೆ ಲೈಬ್ರರಿಯೊಳಗೆ ಮಾತ್ರ ಬೇಡ. ನಮ್ಮನ್ನು ಅಲ್ಲಿಂದ ಎಬ್ಬಿಸಿದ್ದು ಅದಕ್ಕೇ. ಈಗ ಮರದ ಕೆಳಗೆ ಕೂರ್ತೀವಿ.