ಭಾಷೆ ಬಲ್ಲೆ, ಬೋಧಿಸಬಲ್ಲೆನೇ?

ಪ್ರಶ್ನೆ: ನನಗೆ 29 ವರ್ಷ. ಫ್ರೆಂಚ್ ಭಾಷೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಸಿ1 ಹಂತದ ಪರೀಕ್ಷೆಯನ್ನೂ ಮುಗಿಸಿದ್ದೇನೆ. ನಾಲ್ಕು ವರ್ಷಗಳಿಂದ ಉದ್ಯೋಗಸ್ಥರಿಗೆ ಸಂಜೆ ಪಾಠ ಹೇಳುತ್ತಿದ್ದೇನೆ. ಪ್ರೌಢಶಾಲಾ ಶಿಕ್ಷಕಿಯಾಗುವ ಆಸೆಯಿಂದ ಎರಡು ಶಾಲೆಗಳಲ್ಲಿ ಮಾದರಿ ಪಾಠ ಮಾಡಿದೆ. ಒಂದು ಶಾಲೆಯವರು ತರಬೇತಿ ಇಲ್ಲವೆಂದರು, ಇನ್ನೊಂದರವರು ‘ಮಕ್ಕಳು ನಿಮ್ಮ ಜೊತೆ ಬರಲಿಲ್ಲ’ ಎಂದರು. ಈ ವಯಸ್ಸಿನಲ್ಲಿ ಮತ್ತೆ ಓದುವುದು ಬೇಡವೆಂದು ಮನೆಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ತರಬೇತಿಯ ಕೊರತೆಯನ್ನು ಕೋರ್ಸೊಂದು ತುಂಬಿಕೊಡುತ್ತದೆ. ನಿಮ್ಮನ್ನು ನಿಜವಾಗಿ ನೋಯಿಸಿದ್ದು ಎರಡನೆಯ ಮಾತು ಎಂದು ನನಗನ್ನಿಸುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಐರೋಪ್ಯ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ, ಭಾಷಾ ಸಾಮರ್ಥ್ಯವನ್ನು ಅಳೆಯುವ ಚೌಕಟ್ಟಿನಲ್ಲಿ ಎ1ರಿಂದ ಸಿ2ರವರೆಗೆ ಆರು ಹಂತಗಳಿದ್ದು, ನೀವು ಐದನೆಯದರಲ್ಲಿದ್ದೀರಿ. ಈ ಹಂತಗಳು ನೀವು ಭಾಷೆಯನ್ನು ಎಷ್ಟು ಬಲ್ಲಿರಿ ಎಂಬುದನ್ನು ಅಳೆಯುತ್ತವೆಯೇ ಹೊರತು, ಮೊದಲ ಹಂತದಲ್ಲಿ ಕುಳಿತ ಹದಿಮೂರರ ಹುಡುಗನ ಬಾಯಿಂದ ಮಾತು ಹೊರಡಿಸಬಲ್ಲಿರಾ ಎಂಬುದನ್ನಲ್ಲ. ಸಂಜೆ ತರಗತಿಗೆ ಬರುವವರು ಕಲಿಯುವ ಹಂಬಲವನ್ನು ಹೊತ್ತೇ ಬರುತ್ತಾರೆ. ಶಾಲೆಯ ಮಗು ವೇಳಾಪಟ್ಟಿಯಲ್ಲಿ ಆ ವಿಷಯ ಇರುವುದರಿಂದ ಬಂದು ಕುಳಿತಿರುತ್ತದೆ. ವಯಸ್ಸು ಹೇಳುವಾಗ ಫ್ರೆಂಚರು ‘ಹೊಂದಿರು’ ಎಂಬರ್ಥದ ಕ್ರಿಯಾಪದವನ್ನು ಬಳಸುತ್ತಾರಲ್ಲವೇ? ವಯಸ್ಕರಿಗೆ ಆ ನಿಯಮವನ್ನು ಮೊದಲೇ ವಿವರಿಸಿದರೆ ಸಮಾಧಾನವಾಗುತ್ತದೆ. ಮಕ್ಕಳಾದರೋ ಪಕ್ಕದವರ ವಯಸ್ಸು, ಅಣ್ಣನ ವಯಸ್ಸು, ಸಾಧ್ಯವಾದರೆ ಶಿಕ್ಷಕಿಯ ವಯಸ್ಸನ್ನೂ ಕೇಳಿ ನಕ್ಕ ಮೇಲೆಯೇ ನಿಯಮಕ್ಕೆ ಕಿವಿಗೊಡುತ್ತಾರೆ. ನಿಮ್ಮ ಮಾದರಿ ಪಾಠದಲ್ಲಿ ಹೆಚ್ಚು ಮಾತನಾಡಿದವರು ಯಾರು ಎಂದು ನೆನಪಿಸಿಕೊಳ್ಳಿ. ನೀವೇ ಆಗಿದ್ದರೆ, ಆ ಶಾಲೆಯವರು ಕಂಡದ್ದು ನಿಮ್ಮ ಅಯೋಗ್ಯತೆಯನ್ನಲ್ಲ, ನಾಲ್ಕು ವರ್ಷಗಳ ಅಭ್ಯಾಸವನ್ನು.

ಇದನ್ನು ತಿದ್ದುವುದು ಪುಸ್ತಕದಿಂದ ಆಗುವ ಕೆಲಸವಲ್ಲ. ತರಬೇತಿಯ ಬೆಲೆ ಇರುವುದೂ ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ಅದು ನಿಮ್ಮನ್ನು ಶಾಲೆಯೊಳಗೆ ನಿಲ್ಲಿಸುವುದರಲ್ಲಿ. ಭಾರತದಲ್ಲಿ ಎರಡು ವರ್ಷಗಳ ಬಿ.ಎಡ್.ನಲ್ಲಿ 20 ವಾರಗಳು ಶಾಲೆಯಲ್ಲಿ ಕಳೆಯುತ್ತವೆ; ಇಂಗ್ಲೆಂಡಿನಲ್ಲಿ ಪದವಿಯ ನಂತರದ ಒಂದು ವರ್ಷದ ಶಿಕ್ಷಕ ತರಬೇತಿಯಾದ ಪಿ.ಜಿ.ಸಿ.ಇ.ಯಲ್ಲಿ ಕನಿಷ್ಠ ಎರಡು ಶಾಲೆಗಳಲ್ಲಿ ಪಾಠ ಮಾಡಬೇಕಾಗುತ್ತದೆ. ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿಯ ನಂತರವೂ ಶಾಲೆಯಲ್ಲೇ ಒಂದರಿಂದ ಎರಡು ವರ್ಷಗಳ ಸಿದ್ಧತೆ ಇದೆ. ಹೆಸರು, ಅವಧಿ ಬೇರೆಯಾದರೂ ಅನುಭವಿ ಶಿಕ್ಷಕರೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ನಿಮ್ಮ ಪಾಠವನ್ನು ನೋಡುವ ಕ್ರಮ ಎಲ್ಲೆಡೆಯೂ ಒಂದೇ. ಈ ಅವಕಾಶ ಹೆಚ್ಚಾಗಿರುವ ಕೋರ್ಸನ್ನೇ ಆರಿಸಿಕೊಳ್ಳಿ, ಮನೆಯಲ್ಲೇ ಕುಳಿತು ಬೇಗ ಮುಗಿಸಬಹುದೆಂಬ ಆಮಿಷಕ್ಕೆ ದಯವಿಟ್ಟು ಒಳಗಾಗಬೇಡಿ. ಸೇರುವ ಮುನ್ನ, ನೀವು ಕೆಲಸ ಮಾಡಬಯಸುವ ಕಡೆ ಆ ಅರ್ಹತೆಗೆ ಮಾನ್ಯತೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಎರಡನೆಯ ಬೋಧನಾ ವಿಷಯವನ್ನೂ ಯೋಚಿಸಿ. ಚಿಕ್ಕ ಶಾಲೆಯೊಂದರಲ್ಲಿ ವಿದೇಶಿ ಭಾಷೆಯ ಪಾಠಗಳಷ್ಟೇ ಒಬ್ಬ ಶಿಕ್ಷಕಿಯ ವಾರವನ್ನು ತುಂಬುವುದಿಲ್ಲ; ಇಂಗ್ಲಿಷನ್ನೋ ಇತಿಹಾಸವನ್ನೋ ಜೊತೆಗೆ ಬೋಧಿಸಬಲ್ಲವರಿಗೆ ಕಾಯಂ ಹುದ್ದೆ ಸಿಗುವ ಸಂಭವ ಹೆಚ್ಚು.

ಮನೆಯವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ 29 ತಡವಲ್ಲ. ನಿಮ್ಮ ಮುಂದೆ ಸುಮಾರು ಮೂವತ್ತು ವರ್ಷಗಳ ವೃತ್ತಿಜೀವನವಿದೆ. ನಿಜಕ್ಕೂ ಭಯಪಡಬೇಕಾದದ್ದು, ತರಬೇತಿಯೆಲ್ಲ ಮುಗಿದ ಮೇಲೆ ಮಕ್ಕಳ ಗದ್ದಲ ನಿಮಗೆ ಒಗ್ಗದು ಎಂದು ತಿಳಿಯುವುದಕ್ಕೆ. ಅದನ್ನು ಈಗಲೇ ಪರೀಕ್ಷಿಸಿಕೊಳ್ಳಬಹುದು. ರಜೆಯ ಮೇಲಿರುವ ಶಿಕ್ಷಕರ ಬದಲಿಗೆ ಕೆಲವು ವಾರ ಪಾಠ ಮಾಡುವ ಅಥವಾ ಭಾಷಾ ತರಗತಿಯಲ್ಲಿ ಸುಮ್ಮನೆ ಕುಳಿತು ನೋಡುವ ಅವಕಾಶವನ್ನು ಮುಖ್ಯೋಪಾಧ್ಯಾಯರಲ್ಲಿ ಕೇಳಿ. ಸಂಜೆ ತರಗತಿಯನ್ನು ಅಲ್ಲಿಯವರೆಗೆ ಬಿಡಬೇಡಿ. ದಣಿದು ಮನೆಗೆ ಬಂದ ಮೇಲೂ ನಾಳೆಯ ಪಾಠವನ್ನು ಹೇಗೆ ಬದಲಾಯಿಸಲಿ ಎಂದು ಮನಸ್ಸು ಲೆಕ್ಕ ಹಾಕುತ್ತಿದ್ದರೆ, ಮನೆಯವರ ಮುಂದೆ ಇಡಲು ನಿಮ್ಮಲ್ಲಿ ಗಟ್ಟಿಯಾದ ಉತ್ತರವಿರುತ್ತದೆ.

ಈ ವಾರವೇ ಆ ಎರಡನೆಯ ಶಾಲೆಗೆ ವಿನಯದಿಂದ ಒಂದು ಪತ್ರ ಬರೆಯಿರಿ. ಹುದ್ದೆಯನ್ನು ಮತ್ತೆ ಕೇಳಬೇಡಿ. ಪಾಠದ ಯಾವ ಘಟ್ಟದಲ್ಲಿ ಮಕ್ಕಳು ನಿಮ್ಮ ಕೈತಪ್ಪಿದರು ಎಂದಷ್ಟೇ ಕೇಳಿ.