ಫೆದರ್‌ಸ್ಟನ್‌ಹಾ (Featherstonhaugh) ಎಂಬ ಇಂಗ್ಲಿಷ್ ಅಡ್ಡಹೆಸರಿನ ಮೂಲ ಯಾವುದು? ಅದನ್ನು 'ಫ್ಯಾನ್‌ಷಾ' ಎನ್ನುವುದೇಕೆ?

ಇದು ಊರಿನಿಂದ ಬಂದ ಹೆಸರು. ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡಿನ ಹಾಲ್ಟ್‌ವಿಸಲ್ ಹತ್ತಿರ, ಸೌತ್ ಟೈನ್ ನದಿಯ ದಂಡೆಯಲ್ಲಿ ಆ ಜಾಗ ಈಗಲೂ ಇದೆ. ಹಕ್ಕಿಯ ಗರಿಗೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಫೆದರ್' ಅಂದರೆ ನಾಲ್ಕು, 'ಸ್ಟಾನ್' ಅಂದರೆ ಕಲ್ಲು: ಮೂರು ನಿಲುಗಲ್ಲುಗಳ ಮೇಲೆ ಒಂದು ಹಾಸುಗಲ್ಲು ಹೇರಿದ ರಚನೆ. ಕೊನೆಯ 'ಹಾ' ಅಂದರೆ ನದಿಯ ಪಕ್ಕದ ತಗ್ಗು ನೆಲ. ಬರಹದಲ್ಲಿ 16 ಅಕ್ಷರಗಳೂ ಉಳಿದವು. ಆಡುಮಾತಿನಲ್ಲಿ ನಡುವಿನವು ಸವೆದುಹೋದವು. ಹಾಗಾಗಿ ಹಲವರು ಫ್ಯಾನ್‌ಷಾ ಎಂದೇ ಉಚ್ಚರಿಸುತ್ತಾರೆ.

ವಂಶಾವಳಿ ಹುಡುಕುವವರು ಎಡವುವುದು ಇಲ್ಲೇ. ಬರಹದಲ್ಲೂ ಫ್ಯಾನ್‌ಷಾ ಎಂದೇ ಇರುವ ಡರ್ಬಿಶೈರ್ ಮನೆತನ ಬೇರೆಯೇ. ಜನನ-ಮರಣಗಳ ಸರ್ಕಾರಿ ನೋಂದಣಿ ಶುರುವಾದ 1837ರ ಜುಲೈಗಿಂತ ಹಿಂದಿನ ಚರ್ಚ್ ದಾಖಲೆಗಳಲ್ಲಿ, ಮೊದಲ 'a' ಅಕ್ಷರ ಬಿಟ್ಟ ರೂಪವನ್ನೂ (Fetherstonhaugh) 'ಫೆದರ್‌ಸ್ಟೋನ್' ಎಂಬುದನ್ನೂ ತಪ್ಪದೆ ನೋಡಿ.