ಒಬ್ಬರೇ ಹೊರಟವರು, ಮನೆಯಲ್ಲಿ ಉಳಿದವರು

ಒಂಟಿಯಾಗಿ ತಿಂಗಳುಗಟ್ಟಲೆ ಲೋಕ ಸುತ್ತುವ ಬಗ್ಗೆ ಈ ಸಲ ಮೂರು ಪತ್ರ ಬಂದಿವೆ. ಒಬ್ಬರು ಇನ್ನೂ ಹೊರಟಿಲ್ಲ. ಒಬ್ಬರ ಮಗ ಹೊರಟು ಹೋಗಿದ್ದಾನೆ. ಒಬ್ಬರು ತಿರುಗಿ ಬಂದಿದ್ದಾರೆ.

ಪ್ರಶ್ನೆ: ನಾನು ಸಿಂಧನೂರಿನವಳು, ವಯಸ್ಸು 28. ಬೆಂಗಳೂರಿನಲ್ಲಿ ಕೆಲಸ ಮಾಡಿ ದುಡ್ಡು ಕೂಡಿಸಿದ್ದೇನೆ. ಕೆಲಸ ಬಿಟ್ಟು ಒಂದು ವರ್ಷ ಒಬ್ಬಳೇ ಪ್ರಪಂಚ ಸುತ್ತಬೇಕು ಅಂತ ಆಸೆ. 18 ದೇಶಗಳ ಪಟ್ಟಿ ಮಾಡಿದ್ದೇನೆ. ಅಪ್ಪ ಮಾತು ಬಿಟ್ಟಿದ್ದಾರೆ. ಹೋಗಬಹುದಾ? ಯಾವುದಕ್ಕೆ ಹೆದರಬೇಕು?

ಉತ್ತರ: ಧಾರಾಳವಾಗಿ ಹೋಗಿ ತಂಗಿ. ಆದರೆ 18 ದೇಶಗಳನ್ನು ಆರಕ್ಕೆ ಇಳಿಸಿಕೊಂಡು ಹೋಗಿ.

ಎಲ್ಲರೂ ಕಳ್ಳಕಾಕರಿಗೆ ಹೆದರುತ್ತಾರೆ. ನಾನು ಕಂಡ ಹಾಗೆ, ದೀರ್ಘ ಪ್ರವಾಸದಲ್ಲಿ ಜನ ಸೋಲುವುದು ದಣಿವಿಗೆ. ಇವತ್ತು ಎಲ್ಲಿ ಮಲಗಬೇಕು, ಯಾವ ಬಸ್ಸು, ಈ ಬೀದಿ ಸರಿಯಿದೆಯಾ, ಈ ಸಾರಿನಲ್ಲಿ ಮಾಂಸ ಹಾಕಿದ್ದಾರಾ, ಈ ಮನುಷ್ಯನನ್ನು ನಂಬಬಹುದಾ. ಬೆಳಗಾದರೆ ಇವೇ ಪ್ರಶ್ನೆಗಳು, ಉತ್ತರ ಹುಡುಕಲು ನೀವೊಬ್ಬರೇ. ಮೊದಲ ತಿಂಗಳು ಇದೇ ಒಂದು ಮಜಾ. ನಾಲ್ಕನೇ ತಿಂಗಳ ಹೊತ್ತಿಗೆ ಹೊಸ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಅಳು ಬರುತ್ತದೆ. ಎದುರಿಗೆ ಎಂಥಾ ಚಂದದ ಬೆಟ್ಟ ಇದ್ದರೂ ಕಣ್ಣಿಗೆ ಹಿಡಿಸುವುದಿಲ್ಲ. ಮೂರು ದಿನಕ್ಕೊಂದು ಊರು ಬದಲಿಸುವವರಿಗೆ ಇದು ಇನ್ನೂ ಬೇಗ ಬರುತ್ತದೆ.

ಇದಕ್ಕೆ ಮದ್ದೇನು ಅನ್ನುವುದನ್ನು ನಿಮ್ಮ ಕಣ್ಣಾರೆ ನೋಡಲು ದೂರ ಹೋಗಬೇಕಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಾಣಾಪುರದ ಕಡೆ ಬನ್ನಿ. ಬಂಡೆ ಹತ್ತಲು ಬಂದ ಹೊರದೇಶದವರು ಬೆಳಿಗ್ಗೆ ಬೇಗನೆ, ಬಿಸಿಲೇರುವ ಮೊದಲು, ಬೆನ್ನಿಗೆ ದಪ್ಪ ಫೋಮ್ ಹಾಸಿಗೆ ಕಟ್ಟಿಕೊಂಡು ಗದ್ದೆಯ ಬದುವಿನ ಮೇಲೆ ಸಾಲಾಗಿ ಹೋಗುತ್ತಿರುತ್ತಾರೆ. ಮೇಲಿಂದ ಬಿದ್ದರೆ ಪೆಟ್ಟಾಗದಿರಲಿ ಅಂತ ಆ ಹಾಸಿಗೆ. ಮಾತಾಡಿಸಿ ನೋಡಿ. ಮನೆ ಬಿಟ್ಟು ವರ್ಷವಾದವರು ಅವರಲ್ಲಿ ಸಿಗುತ್ತಾರೆ. ಅವರು ಹಂಪಿಯನ್ನು ಎರಡು ದಿನದಲ್ಲಿ ಮುಗಿಸಿ ಓಡುವವರಲ್ಲ. ಅದೇ ಹೋಟೆಲಿನಲ್ಲಿ ಇಡ್ಲಿ, ಅದೇ ಬಂಡೆ, ಅದೇ ಅಂಗಡಿಯವರ ಜೊತೆ ಹರಟೆ ಅಂತ ವಾರಗಟ್ಟಲೆ ಇರುತ್ತಾರೆ. ವರ್ಷ ತಿರುಗಲು ಶಕ್ತಿ ಬರುವುದು ಹಾಗೆ ನಿಂತಾಗಲೇ. ನೀವೂ ಹೊರಡುವ ಮುಂಚೆ ಅಲ್ಲೇ ಒಂದು ವಾರ ಒಬ್ಬರೇ ಇದ್ದು ಬನ್ನಿ. ಸಂಜೆ ಹೊತ್ತು ಮಾತಿಗೆ ಯಾರೂ ಇಲ್ಲದಾಗ ನಿಮಗೆ ಹೇಗನಿಸುತ್ತದೆ ಅನ್ನುವುದು ಅಲ್ಲೇ ತಿಳಿಯುತ್ತದೆ.

ಈಗ ವೀಸಾ ವಿಷಯ. ನಮ್ಮ ಪಾಸ್‌ಪೋರ್ಟಿಗೆ ದಾರಿಯುದ್ದಕ್ಕೂ ಗೇಟು ಜಾಸ್ತಿ. ಯುರೋಪಿನ 29 ದೇಶಗಳಿಗೆ ಸೇರಿ ಒಂದೇ ಷೆಂಗೆನ್ ವೀಸಾ ಇದೆ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅದಕ್ಕೆ ಅರ್ಜಿ ಹಾಕುವಂತಿಲ್ಲ. ಸಾಮಾನ್ಯವಾಗಿ ವಾಸ ಇರುವ ದೇಶದಿಂದಲೇ ಹಾಕಬೇಕು. ಸಿಕ್ಕರೂ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಹಾಗಾಗಿ ಯುರೋಪನ್ನು ಪ್ರಯಾಣದ ಶುರುವಿಗೇ ಇಟ್ಟುಕೊಳ್ಳಿ. ಕೊನೆಗೆ ಇಟ್ಟರೆ ದಕ್ಷಿಣ ಅಮೆರಿಕದಲ್ಲಿ ಕೂತು ಬೆಂಗಳೂರಿನ ವೀಸಾ ಕೇಂದ್ರದ ಕನಸು ಕಾಣಬೇಕಾಗುತ್ತದೆ. ಅಮೆರಿಕದ ವೀಸಾ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಚಾಲ್ತಿಯಲ್ಲಿದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ. ಅಮೆರಿಕದ ಕಾನ್ಸುಲೇಟ್ ಹೈದರಾಬಾದಿನಲ್ಲಿದೆ, ನಿಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ನಿಯಮಗಳು ಬದಲಾಗುತ್ತಲೇ ಇರುತ್ತವೆ. ಟಿಕೆಟ್ ಕೊಳ್ಳುವ ಮುನ್ನ ಆಯಾ ದೇಶದ ರಾಯಭಾರ ಕಚೇರಿಯ ಮಾಹಿತಿ ಒಮ್ಮೆ ನೋಡಿಕೊಳ್ಳಿ.

ದುಡ್ಡು ಮುಗಿದರೆ ಅಲ್ಲೇ ಏನಾದರೂ ಕೆಲಸ ಮಾಡಿದರಾಯಿತು ಅಂತ ಅಂದುಕೊಳ್ಳಬೇಡಿ. ಪ್ರವಾಸಿ ವೀಸಾದಲ್ಲಿ ಹಾಸ್ಟೆಲಿನ ಹಾಸಿಗೆಗೆ ಬದಲಾಗಿ ಕಸ ಗುಡಿಸಿದರೂ ಎಷ್ಟೋ ದೇಶಗಳಲ್ಲಿ ಅದು ಕೆಲಸವೇ, ತಪ್ಪೇ. ನಿಜವಾಗಿ ದುಡಿದು ಸುತ್ತುವ ಮನಸ್ಸಿದ್ದರೆ ನಿಮ್ಮ ವಯಸ್ಸಿಗೆ ಎರಡು ಒಳ್ಳೆಯ ದಾರಿಗಳಿವೆ. ಬ್ರಿಟನ್ನಿನಲ್ಲಿ 18ರಿಂದ 30 ವರ್ಷದ ಭಾರತೀಯ ಪದವೀಧರರಿಗೆ ಎರಡು ವರ್ಷದ ವೀಸಾ ಇದೆ. ಆಸ್ಟ್ರೇಲಿಯಾದಲ್ಲಿ ಕೆಲಸ ಮತ್ತು ರಜೆ ಎರಡೂ ಸೇರಿದ ವೀಸಾ 2024ರಿಂದ ನಮಗೂ ಸಿಗುತ್ತಿದೆ. ಎರಡಕ್ಕೂ ಲಾಟರಿ ಎತ್ತುತ್ತಾರೆ. 30 ದಾಟುವ ಮೊದಲು ಹೆಸರು ಹಾಕಿಬಿಡಿ.

ಬ್ಯಾಂಕ್ ಕಾರ್ಡಿನಲ್ಲಿ ಹೊರದೇಶದ ಬಳಕೆಯನ್ನು ನೀವೇ ಚಾಲೂ ಮಾಡಬೇಕು, 2020ರಿಂದ ರಿಸರ್ವ್ ಬ್ಯಾಂಕಿನ ನಿಯಮ ಅದು. ಎರಡು ಬ್ಯಾಂಕಿನ ಕಾರ್ಡ್ ಇರಲಿ, ಎರಡನ್ನೂ ಒಂದೇ ಪರ್ಸಿನಲ್ಲಿ ಇಡಬೇಡಿ. ಊರಿನ ಸಿಮ್ ಸಾಯದ ಹಾಗೆ ರೀಚಾರ್ಜ್ ಮಾಡಿಸುತ್ತಿರಿ, ರೋಮಿಂಗ್ ಇಲ್ಲಿಂದಲೇ ಹಾಕಿಸಿಕೊಂಡು ಹೋಗಿ. ಒಟಿಪಿ ಬಾರದೆ, ಖಾತೆಯಲ್ಲಿ ದುಡ್ಡಿದ್ದೂ ಉಪವಾಸ ಕೂತವರಿದ್ದಾರೆ.

ಹೆಣ್ಣುಮಗಳಾಗಿ ಒಬ್ಬಳೇ ಹೋಗುವಾಗ ಹೊಸ ಊರಿಗೆ ಬೆಳಕಿರುವಾಗಲೇ ತಲುಪಿ. ಮೊದಲ ಎರಡು ರಾತ್ರಿಯ ರೂಮು ಮುಂಚೆಯೇ ಗೊತ್ತಿರಲಿ. ಮನಸ್ಸು ಬೇಡ ಅಂದ ಕಡೆ ಕಾರಣ ಹುಡುಕದೆ ಎದ್ದು ಬನ್ನಿ. ಕೊಟ್ಟ ದುಡ್ಡು ಹೋದರೆ ಹೋಗಲಿ.

ಕಷ್ಟಗಳನ್ನೇ ಹೇಳಿದೆ, ಅಲ್ವಾ? ಸುಖವೂ ಅಷ್ಟೇ ದೊಡ್ಡದು. ಇಥಿಯೋಪಿಯಾದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಉಪವಾಸ. ಮಾಂಸ, ಹಾಲು, ಮೊಟ್ಟೆ ಯಾವುದೂ ಮುಟ್ಟುವುದಿಲ್ಲ. ನಮ್ಮಂಥ ಸಸ್ಯಾಹಾರಿಗಳಿಗೆ ಆ ಎರಡು ದಿನ ಹಬ್ಬ. ಅಗಲವಾದ ತಟ್ಟೆ ತುಂಬ ಹುಳಿ ಬಂದ ಹಿಟ್ಟಿನ, ದೋಸೆಯಂಥ ಇಂಜೆರಾ ಹಾಸಿ, ಅದರ ಮೇಲೆ ಬೇಳೆ, ಸೊಪ್ಪು, ಎಲೆಕೋಸು, ಬೀಟ್‌ರೂಟ್ ಗುಂಪುಗುಂಪಾಗಿ ಇಡುತ್ತಾರೆ. ಒಬ್ಬಳೇ ಕೂತಿದ್ದ ನನ್ನನ್ನು ಪಕ್ಕದ ಮೇಜಿನ ಹಿರಿಯ ಹೆಂಗಸು ಕೈಹಿಡಿದು ಕರೆದುಕೊಂಡು ಹೋಗಿ ತಮ್ಮ ತಟ್ಟೆಯಲ್ಲೇ ಉಣ್ಣಿಸಿದರು. ತುತ್ತು ಕಟ್ಟಿ ಬಾಯಿಗೆ ಇಡುವುದು ಅಲ್ಲಿನ ಪ್ರೀತಿಯ ರೀತಿ. ಜೊತೆಗೆ ಗೆಳತಿಯರಿದ್ದಿದ್ದರೆ ಆಕೆ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಬ್ಬರೇ ಇರುವವರಿಗೆ ಜನ ಜಾಗ ಕೊಡುತ್ತಾರೆ.

(ಅಲ್ಲಿಗೆ ಹೋಗುವುದಾದರೆ ಹತ್ತು ದಿನ ಮೊದಲೇ ಹಳದಿ ಜ್ವರದ ಲಸಿಕೆ ಹಾಕಿಸಿ. ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಬೇರೆ ಇಡಬಹುದು. ಶೇಂಗಾ ಹಿಂಡಿ, ರೊಟ್ಟಿ ಕಟ್ಟಿಕೊಂಡು ಹೋಗಿ, ಬೇಡ ಅನ್ನುವುದಿಲ್ಲ. ಆದರೆ ನ್ಯೂಜಿಲೆಂಡಿನಲ್ಲಿ ತಿಂಡಿ ತಂದಿದ್ದೇನೆ ಅಂತ ಹೇಳದೆ ಒಳಗೆ ಹೋದರೆ 400 ಡಾಲರ್ ದಂಡ.)

ಅಪ್ಪನ ವಿಷಯ. ವಾದ ಮಾಡಬೇಡಿ. ದಿನಾಂಕ, ಊರು, ವಿಮೆಯ ಪ್ರತಿ, ಕೂಡಿಸಿದ ಹಣ, ವಾಪಸ್ ಬರುವ ಟಿಕೆಟಿಗೆ ಅಂತ ಬೇರೆ ಎತ್ತಿಟ್ಟ ಹಣ, ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿ ಅವರ ಕೈಗೆ ಕೊಡಿ. ಮಾತು ಬಿಟ್ಟವರೂ ಕಾಗದ ಓದುತ್ತಾರೆ.

ಪ್ರಶ್ನೆ: ನಾವು ಕೊಪ್ಪಳದವರು. ಮಗ ಹೋಗಿ ಏಳು ತಿಂಗಳಾಯಿತು, ಈಗ ಪೆರು ದೇಶದಲ್ಲಿ ಕುಸ್ಕೋ ಅನ್ನುವ ಊರಲ್ಲಿದ್ದಾನೆ. ಮೊದಲು ದಿನಾ ಫೋನ್ ಮಾಡುತ್ತಿದ್ದ. ಈಗ ವಾರಕ್ಕೊಮ್ಮೆ. "ಆರಾಮ್ ಅದೀನಿ ಬಿಡವ್ವಾ" ಅಂತಾನೆ, ಇಟ್ಟುಬಿಡ್ತಾನೆ. ನನಗೆ ರಾತ್ರಿ ನಿದ್ದೆ ಇಲ್ಲ.

ಉತ್ತರ: ತಾಯಿ, ಮೊದಲು ಸಣ್ಣ ಕಾರಣಗಳನ್ನು ನೋಡೋಣ. ಪೆರುವಿನ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ. ನೀವು ಊಟ ಮುಗಿಸಿ ರಾತ್ರಿ ಫೋನ್ ಹಿಡಿಯುವಾಗ ಅವನು ಬೆಳಿಗ್ಗೆ ಎದ್ದು ಓಡುತ್ತಿರುತ್ತಾನೆ. ನೀವು ಬೆಳಿಗ್ಗೆ ಏಳು ಗಂಟೆಗೆ ಮಾಡಿ. ಆಗ ಅಲ್ಲಿ ಹಿಂದಿನ ದಿನದ ರಾತ್ರಿ ಎಂಟೂವರೆ, ಅವನು ಬಿಡುವಾಗಿರುತ್ತಾನೆ. ಇನ್ನೊಂದು, ಕುಸ್ಕೋ ಸುಮಾರು 3,400 ಮೀಟರ್ ಎತ್ತರದ ಊರು. ಹೊಸಬರಿಗೆ ಮೊದಲ ಕೆಲವು ದಿನ ತಲೆನೋವು, ನಿದ್ದೆಗೇಡು, ಸುಸ್ತು. ಮಾತು ಬೇಡ ಅನಿಸುತ್ತದೆ.

ದೊಡ್ಡ ಕಾರಣವೂ ಇರಬಹುದು. ಏಳನೇ ತಿಂಗಳಲ್ಲಿ ಬಹಳ ಹುಡುಗರಿಗೆ ಸಾಕಾಗಿರುತ್ತದೆ. ಆದರೆ ಊರಿಗೆಲ್ಲ ಹೇಳಿ ಹೊರಟಿರುತ್ತಾರೆ. ಅರ್ಧಕ್ಕೆ ಬಂದರೆ ನಾಲ್ಕು ಜನ ಏನಂತಾರೋ ಅನ್ನುವ ಭಯ. ಹಾಗಾಗಿ ತಾಯಿಯ ಹತ್ತಿರವೂ "ಆರಾಮ್" ಅನ್ನುತ್ತಾರೆ. ನೀವು "ಯಾವಾಗ ಬರ್ತೀಯ" ಅಂತ ಕೇಳಬೇಡಿ. ಇವತ್ತು ಏನು ಉಂಡೆ, ಯಾರ ಜೊತೆ ಮಾತಾಡಿದೆ ಅಂತ ಕೇಳಿ. ಎರಡನೇ ಪ್ರಶ್ನೆಗೆ ಬರುವ ಉತ್ತರದಲ್ಲಿ ಎಲ್ಲ ಗೊತ್ತಾಗುತ್ತದೆ. ಆಮೇಲೆ ಒಂದು ಮಾತು ಬಾಯಿಬಿಟ್ಟು ಹೇಳಿಬಿಡಿ: "ಯಾವಾಗ ಬಂದರೂ ಬಾ, ನಮ್ಮ ಮನೆಯಲ್ಲಿ ಯಾರೂ ನಗೋದಿಲ್ಲ." ಈ ಮಾತು ಕೇಳಿದ ಎಷ್ಟೋ ಮಕ್ಕಳು ವಾಪಸ್ ಬರದೆ, ಸಮಾಧಾನವಾಗಿ ಪ್ರವಾಸ ಮುಂದುವರಿಸಿದ್ದನ್ನೂ ನೋಡಿದ್ದೇನೆ.

ದಿನಕ್ಕೊಂದು ಫೋಟೋ ಕಳಿಸು, ಮಾತು ಬೇಡ ಅಂತ ಒಪ್ಪಂದ ಮಾಡಿಕೊಳ್ಳಿ. ಪಾಸ್‌ಪೋರ್ಟ್ ಮತ್ತು ವಿಮೆಯ ಪ್ರತಿ ನಿಮ್ಮ ಹತ್ತಿರ ಇರಲಿ. ಎರಡು ದಿನ ಏನೂ ಬರದಿದ್ದರೆ ಮೊದಲು ಅವನು ಉಳಿದ ಹಾಸ್ಟೆಲಿಗೆ ಮಾಡಿ, ಆಮೇಲೆ ಲಿಮಾದಲ್ಲಿರುವ ಭಾರತದ ರಾಯಭಾರ ಕಚೇರಿಗೆ. ಪಾಸ್‌ಪೋರ್ಟ್ ಕಳೆದರೂ ಗಾಬರಿ ಬೇಡ, ಊರಿಗೆ ಬರಲು ಅವರು ತುರ್ತು ಪತ್ರ ಕೊಡುತ್ತಾರೆ.

ಪ್ರಶ್ನೆ: ಬಳ್ಳಾರಿ. ಒಂದು ವರ್ಷ ಸುತ್ತಿ ಬಂದು ಮೂರು ತಿಂಗಳಾಯಿತು. ಯಾರಿಗೂ ನನ್ನ ಕಥೆ ಬೇಡ. ಯಾವ ಕೆಲಸಕ್ಕೂ ಮನಸ್ಸಿಲ್ಲ. ಮತ್ತೆ ಹೊರಟುಬಿಡಲಾ?

ಉತ್ತರ: ಇನ್ನೂ ಮೂರು ತಿಂಗಳು ತಡೆಯಿರಿ. ಹೊರಗೆ ಪ್ರತಿದಿನ ಹೊಸದೊಂದು ಎದುರಾಗುತ್ತಿತ್ತು, ಇಲ್ಲಿ ಎಲ್ಲವೂ ಇದ್ದಲ್ಲೇ ಇದೆ. ಮನಸ್ಸಿಗೆ ಇದಕ್ಕೆ ಹೊಂದಿಕೊಳ್ಳಲು ಟೈಮ್ ಬೇಕು. ಜನ ಎರಡು ನಿಮಿಷ ಕೇಳಿ ಮೆಣಸಿನಕಾಯಿ ರೇಟಿಗೆ ಹೋಗುತ್ತಾರೆ ನಿಜ. ಅದು ತಾತ್ಸಾರ ಅಲ್ಲ, ಅವರ ವರ್ಷ ಇಲ್ಲೇ ಕಳೆದಿದೆ. ಅವರ ವರ್ಷದ ಕಥೆಯನ್ನೂ ಕೇಳಿ. ನಿಮ್ಮ ಕಥೆಗೆ ಕಿವಿ ಬೇಕಿದ್ದರೆ ಹತ್ತಿರದ ಪ್ರೌಢಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರನ್ನು ಕೇಳಿ ಒಂದು ಪೀರಿಯಡ್ ತೆಗೆದುಕೊಳ್ಳಿ. ಎಂಟನೇ ತರಗತಿಯ ಮಕ್ಕಳು ಕೇಳುವಂಥ ಪ್ರಶ್ನೆ ದೊಡ್ಡವರು ಕೇಳುವುದಿಲ್ಲ.

ಸಂಬಳ ಕಡಿಮೆಯಾದರೂ ಸರಿ, ಬೆಳಿಗ್ಗೆ ಎದ್ದು ಹೋಗುವಂಥ ಒಂದು ಕೆಲಸ ಹಿಡಿಯಿರಿ. ಇಷ್ಟರ ಮೇಲೂ ನಿದ್ದೆ, ಊಟ ಸರಿ ಹೋಗದೆ ವಾರಗಟ್ಟಲೆ ಹಾಗೇ ಇದ್ದರೆ, ಅದನ್ನು ಪ್ರವಾಸದ ಹುಚ್ಚು ಅಂತ ಸುಮ್ನೆ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇವತ್ತೇ ಮಾಡಿದರೂ ಆದೀತು.